ಎರಡನೆಯ ಹೆಸರಿನವನು

ಸುಮಾರು ಎರಡು ವರ್ಷ ಕಾಲ ನಾನು ಸಿಡ್ನಿ ವಿಮಾನ ನಿಲ್ದಾಣದಲ್ಲಿ ಒಂದು ಹುದ್ದೆ ನಿರ್ವಹಿಸಿದೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಮೆಲ್ಬರ್ನ್‌ನಿಂದ ಒಬ್ಬಳೇ ಹಾರಿ ಬರುತ್ತಿದ್ದ ತಮ್ಮನ ಮಗಳನ್ನು ಗೇಟಿನಲ್ಲಿ ಬರಮಾಡಿಕೊಳ್ಳುವುದು, ವೆಂಟ್‌ವರ್ತ್‌ವಿಲ್‌ನ ನಮ್ಮ ಮನೆಗೆ ಕರೆತರುವುದು, ಅವಳಪ್ಪ ಆಫೀಸು ಮುಗಿಸಿ ಬರುವವರೆಗೆ ಕಾಪಾಡಿಕೊಳ್ಳುವುದು, ಇಷ್ಟು ಕರ್ತವ್ಯ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಹುಡುಗಿಗೆ ಆಗ ಹತ್ತು.

ತಮ್ಮನೂ ಅವನ ಹೆಂಡತಿಯೂ ಬೇರೆಯಾಗಿದ್ದರು. ನಮ್ಮ ಕನ್ನಡದವರ ಬಳಗದಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಅವಳಿಗೆ ಮೆಲ್ಬರ್ನ್‌ಗೆ ಟ್ರಾನ್ಸ್‌ಫರ್ ಆಯ್ತಂತೆ" ಎನ್ನುತ್ತಿದ್ದರು. ಯುಗಾದಿ ಊಟದ ಸಾಲಿನಲ್ಲಿ "ಟ್ರಾನ್ಸ್‌ಫರ್ ವಾಪಸ್ ಆಗೋ ಚಾನ್ಸ್ ಇದೆಯಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದವರೂ ಉಂಟು. ಅವಳು ಮೆಲ್ಬರ್ನ್‌ನ ಕ್ಲೇಟನ್ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು, ಮಗಳೊಂದಿಗೆ ಸಣ್ಣ ಯೂನಿಟ್ ಬಾಡಿಗೆಗೆ ತೆಗೆದುಕೊಂಡು ಇದ್ದಳು. ಬಿಟ್ಟದ್ದು ಗಂಡನನ್ನು ಮಾತ್ರ. ನನ್ನನ್ನು ಮೊದಲಿನಂತೆಯೇ ಭಾವ ಎನ್ನುತ್ತಿದ್ದಳು. ಮಗಳ ಚೀಲದಲ್ಲಿ ನಮ್ಮ ಮನೆಗೆಂದು ಹುಳಿಪುಡಿ ಕಳಿಸುತ್ತಿದ್ದಳು. ನನ್ನ ತಮ್ಮನಿಗೆ ಆ ಸೌಲಭ್ಯವಿರಲಿಲ್ಲ.

ವಿಮಾನದವರು ಹುಡುಗಿಯ ಕೊರಳಿಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿ ಕಳಿಸುತ್ತಿದ್ದರು. ಅದರೊಳಗಿನ ಕಾಗದದಲ್ಲಿ ಅವಳನ್ನು ಯಾರಿಗೆ ಒಪ್ಪಿಸಬೇಕು ಎಂದು ಎರಡು ಹೆಸರು. ಮೊದಲನೆಯದು ತಮ್ಮನದು, ಎರಡನೆಯದು ನನ್ನದು. ನಮ್ಮ ದೇಶದ ಉಪರಾಷ್ಟ್ರಪತಿಗಳ ಹಾಗೆ, ಮೊದಲಿನವರು ಲಭ್ಯವಿಲ್ಲದಾಗ ಮಾತ್ರ ನನಗೆ ಕೆಲಸ. ಮೊದಲಿನವರು ಲಭ್ಯವಾದದ್ದೇ ಇಲ್ಲ. ಮ್ಯಾಕ್ವೆರಿ ಪಾರ್ಕಿನ ಅವನ ಆಫೀಸಿನ ಕಂಪ್ಯೂಟರುಗಳಿಗೆ ಶುಕ್ರವಾರ ಮಧ್ಯಾಹ್ನದ ಮೇಲೆಯೇ ಕಾಯಿಲೆ ಬರುತ್ತಿತ್ತು. ನಾಲ್ಕಕ್ಕೆ ಅವನ ಫೋನು: "ಅಣ್ಣಾ, ಸ್ವಲ್ಪ ಹೋಗ್ತೀಯಾ?" ನನಗೂ ಅಷ್ಟು ಹೊತ್ತಿಗೆ ಕಾರಿನ ಕೀಲಿ ಕೈಯಲ್ಲೇ ಇರುತ್ತಿತ್ತು.

ಈ ದೇಶದೊಳಗಿನ ವಿಮಾನಗಳಿಗಾದರೆ ಟಿಕೆಟ್ ಇಲ್ಲದವರೂ ತಪಾಸಣೆ ಮುಗಿಸಿಕೊಂಡು ಗೇಟಿನವರೆಗೆ ಹೋಗಬಹುದಿತ್ತು. ಹುಡುಗಿಗೆಂದು ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ಕಳಿಸುತ್ತಿದ್ದಳು. ಆ ಡಬ್ಬಿ ಯಂತ್ರದೊಳಗೆ ಹೋದಾಗಲೆಲ್ಲ ತಪಾಸಣೆಯವರು ತೆರೆಸಿ ನೋಡಿ, ವೃತ್ತಾಕಾರದ ಆ ವಸ್ತುಗಳಿಂದ ದೇಶಕ್ಕೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು ಬಿಡುತ್ತಿದ್ದರು. ಆಮೇಲೆ ಗೇಟಿನ ಮುಂದೆ ಶತಪಥ. ಕೂತರೆ ವಿಮಾನ ತಡವಾಗುತ್ತದೆ ಎಂಬ ಭಾವನೆ ಹೇಗೋ ನನ್ನಲ್ಲಿ ಬೇರೂರಿತ್ತು. ವಿಮಾನ ಇಳಿದ ಮೇಲೆ ಎಲ್ಲರೂ ಹೊರಬರುತ್ತಾರೆ. ಸೂಟಿನವರು, ಕೈಗೂಸಿನವರು, ಊರುಗೋಲಿನ ಮುದುಕಿಯೂ ಬಂದು ಹೋಗುತ್ತಾಳೆ. ಒಂಟಿ ಮಕ್ಕಳು ಕೊನೆಗೆ. ಸಿಬ್ಬಂದಿಯ ಹೆಂಗಸು ಹುಡುಗಿಯ ಜೊತೆ ಬಂದು ನನ್ನ ಲೈಸೆನ್ಸ್ ನೋಡಿ, ಮುಖ ನೋಡಿ, ಎರಡೂ ಅಷ್ಟಕ್ಕಷ್ಟೇ ಎಂದು ತೀರ್ಮಾನಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಹುಡುಗಿ ನನ್ನನ್ನು ನೋಡುವ ಮೊದಲು ನನ್ನ ಹೆಗಲಿನಾಚೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ನನಗದು ಕಾಣದೆ ಇರುತ್ತಿರಲಿಲ್ಲ. ಕಂಡದ್ದನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅಷ್ಟೆ.

ಒಂದು ವಾರಾಂತ್ಯ ನಾನೇ ಮೆಲ್ಬರ್ನ್‌ಗೆ ಹೋಗಬೇಕಾಯಿತು. ಟ್ರುಗನಿನಾದಲ್ಲಿ ಗೆಳೆಯನೊಬ್ಬನ ಗೃಹಪ್ರವೇಶ. ಮನೆಯ ಸುತ್ತ ಇನ್ನೂ ಬಯಲು, ಬಯಲಿನಾಚೆ ಗೋದಾಮು, ಗಾಳಿಗೆ ಹೋಮದ ಬೆಂಕಿ ನಿಲ್ಲಲೊಲ್ಲದು. ಹುಡುಗಿ ಆ ಶುಕ್ರವಾರ ಎಂದಿನಂತೆ ಸಿಡ್ನಿಗೆ ಹೋಗಿದ್ದಳು. ನಾನಿಲ್ಲದ ಮೇಲೆ ತಮ್ಮನೇ ಗೇಟಿಗೆ ಹೋಗಲೇಬೇಕಲ್ಲ ಎಂದು ನಾನು ಸಮಾಧಾನದಿಂದ ಪಾಯಸ ಉಂಡೆ. ಅವನು ನನ್ನ ಹೆಂಡತಿಗೆ ಫೋನ್ ಮಾಡಿದ್ದ. "ಅತ್ತಿಗೆ, ಸ್ವಲ್ಪ ಹೋಗ್ತೀರಾ?" ಆಕೆಯ ಹೆಸರನ್ನೂ ಕಾಗದಕ್ಕೆ ಸೇರಿಸಲು ಮೆಲ್ಬರ್ನ್‌ಗೆ ಹೇಳಿ, ಸೇರಿಸಿಯೂ ಆಗಿತ್ತು.

ಭಾನುವಾರ ಹುಡುಗಿ ವಾಪಸು ಬರುವಾಗ ಅವಳಮ್ಮನ ಜೊತೆ ನಾನೂ ಟಲ್ಲಮರೀನ್ ವಿಮಾನ ನಿಲ್ದಾಣಕ್ಕೆ ಹೋದೆ. ಆ ತುದಿಯ ಗೇಟನ್ನು ನಾನು ಕಂಡಿರಲಿಲ್ಲ. ಅಲ್ಲಿ ಅವಳಮ್ಮ ನನ್ನ ಹಾಗೆಯೇ ಗಾಜಿನುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದಳು. ಇಬ್ಬರೂ ಎದುರುಬದುರಾಗಿ ನಡೆದು, ನಡುವೆ ಸಂಧಿಸಿದಾಗ ಒಂದೊಂದು ಮಾತು.

"ಶುಕ್ರವಾರ ಇವಳನ್ನ ಹತ್ತಿಸಿದ ಮೇಲೆ ವಿಮಾನ ಮೇಲೆ ಏರೋವರೆಗೂ ನಾನು ಇಲ್ಲೇ ಇರಬೇಕು ಭಾವ. ರೂಲು."

"ಒಳ್ಳೆಯ ರೂಲು" ಎಂದೆ.

ಮುಂದಿನ ಸುತ್ತಿನಲ್ಲಿ ಅವಳೆಂದಳು: "ನಾನೇನೂ ಹೇಳಿಕೊಟ್ಟಿಲ್ಲ ಭಾವ, ಆಣೆ. ಇವಳೇ ಇನ್ನು ಹೋಗಲ್ಲ ಅಂತಾಳೆ. ದೊಡ್ಡಪ್ಪನ ಮನೇಲಿ ಟೀವಿ ನೋಡೋಕೆ ಯಾಕೆ ಪ್ಲೇನು, ಇಲ್ಲೇ ಟೀವಿ ಇದೆಯಲ್ಲ ಅಂತಾಳೆ. ಇನ್ನೊಂದೇ ಸಲ ನೋಡು ಅಂತ ಒಪ್ಪಿಸಿದ್ದೀನಿ. ಆಮೇಲೆ ನಾನೂ ಬಲವಂತ ಮಾಡಲ್ಲ."

ಸಿಡ್ನಿಗೆ ಬಂದವನು ತಮ್ಮನಿಗೆ ಇದನ್ನು ಅಕ್ಷರಶಃ ಒಪ್ಪಿಸಿದೆ. ಅವನು ಬಹಳ ಹೊತ್ತು ಕಾಫಿ ಲೋಟ ತಿರುಗಿಸಿದ. "ಈ ಸಲ ನಾನೇ ಹೋಗ್ತೀನಿ ಅಣ್ಣಾ. ಏನೇ ಆಗಲಿ" ಎಂದ.

ಅವಳು ಬರುವ ಶುಕ್ರವಾರ ನಾಲ್ಕಕ್ಕೆ ಫೋನು ಬಂತು.

"ಹೋಗಲ್ಲ" ಎಂದೆ.

"ಪ್ರೊಡಕ್ಷನ್ ಇಶ್ಯೂ ಅಣ್ಣಾ, ಸಿಸ್ಟಮ್ಮೇ ನಿಂತುಹೋಗಿದೆ. ಬ್ಯಾಂಕಿನವರು ಕಾಲ್‌ನಲ್ಲಿದ್ದಾರೆ. ಇದೊಂದು ಸಲ."

ಹೋಗಲ್ಲ ಎಂದವನು ಹೋದೆ. ಮಗು ಆಕಾಶದಲ್ಲಿರುವಾಗ ಭೂಮಿಯ ಮೇಲೆ ಸಿದ್ಧಾಂತ ಹಿಡಿದು ಕೂರುವುದು ನನ್ನಿಂದಾಗಲಿಲ್ಲ.

ಗೇಟಿನಿಂದ ಎಲ್ಲರೂ ಬಂದರು, ಕೊನೆಗೆ ಹುಡುಗಿಯೂ ಬಂದಳು. ಹೆಗಲಿನಾಚೆ ನೋಡಿದಳು. ಜೊತೆಗಿದ್ದ ಹೆಂಗಸು, ನಗುಮುಖದ ದಪ್ಪನೆಯವಳು, ನನ್ನ ಲೈಸೆನ್ಸ್ ಈಸಿಕೊಂಡು ವಾಡಿಕೆಯಂತೆ ಕೇಳಿದಳು: "ಇವರೇನಾ ಸ್ವೀಟ್‌ಹಾರ್ಟ್, ನಿನ್ನನ್ನು ಕರೆದುಕೊಂಡು ಹೋಗುವವರು?"

"ನೋ" ಎಂದಳು ಹುಡುಗಿ.

ಹೆಂಗಸಿನ ನಗು ಇಳಿಯಿತು. ಲೈಸೆನ್ಸನ್ನು ಹಿಂದಿರುಗಿಸಲು ಚಾಚಿದ್ದ ಕೈ ಅವಳ ಎದೆಯ ಕಡೆಗೆ ಮರಳಿತು. ನಾನು ಐವತ್ತು ದಾಟಿದವನು, ಹಣೆಯಲ್ಲಿ ಬೆಳಗಿನ ಪೂಜೆಯ ಕುಂಕುಮದ ಉಳಿಕೆ, ಕೈಯಲ್ಲಿ ಕೋಡುಬಳೆ ಡಬ್ಬಿ. ಮಕ್ಕಳನ್ನು ಕದಿಯುವವರು ತಿಂಡಿ ತೋರಿಸಿ ಕರೆಯುತ್ತಾರೆಂದು ಆಕೆಗೂ ತರಬೇತಿಯಲ್ಲಿ ಹೇಳಿದ್ದಿರಬೇಕು.

"ಇವರು ಗೊತ್ತು ನನಗೆ" ಎಂದು ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. "ದೊಡ್ಡಪ್ಪ. ತುಂಬಾ ಒಳ್ಳೆಯವರು. ಆದರೆ ಇವರದು ಎರಡನೇ ಹೆಸರು. ನಾನು ಮೊದಲನೇ ಹೆಸರಿನವರು ಬರೋವರೆಗೆ ಕಾಯ್ತೀನಿ."

ಹೆಂಗಸು ಕಾಗದ ನೋಡಿದಳು. ಮೊದಲನೆಯವರು ಯಾರು ಎಂದಳು. ಅಪ್ಪ, ಎಂದಳು ಹುಡುಗಿ. ಬರುತ್ತಾರಾ? "ಅದನ್ನೇ ನೋಡಬೇಕು."

ಹೆಂಗಸು ಕ್ಷಣ ಯೋಚಿಸಿ ನನ್ನ ಕಡೆ ತಿರುಗಿದಳು. ತನಗೆ ಇನ್ನೊಂದು ಗೇಟಿನ ಕೆಲಸವಿದೆ, ಮಗು ಒಲ್ಲೆ ಎಂದಮೇಲೆ ಕೈಗೆ ಕೊಟ್ಟು ಕಳಿಸುವ ಹಾಗಿಲ್ಲ, ಸ್ವಲ್ಪ ಹೊತ್ತು ನೋಡಿ ಮೆಲ್ಬರ್ನ್‌ನಲ್ಲಿರುವ ತಾಯಿಗೆ ಫೋನ್ ಮಾಡಬೇಕಾಗುತ್ತದೆ ಎಂದಳು. ಆ ಫೋನು ಹೋದರೆ ಮುಗಿಯಿತು. ಅವಳಮ್ಮ ಒಪ್ಪಿಸಿದ್ದ ಆ ಇನ್ನೊಂದೇ ಒಂದು ಸಲ ಇಲ್ಲಿಯೇ, ಈ ನೀಲಿ ಕುರ್ಚಿಗಳ ನಡುವೆ ಖರ್ಚಾಗಿಹೋಗುತ್ತಿತ್ತು.

ನಾನು ತಮ್ಮನಿಗೆ ಫೋನ್ ಹಚ್ಚಿದೆ.

"ಸಿಕ್ಕಿದಳಾ ಅಣ್ಣಾ?"

"ಬಂದಿದ್ದಾಳೆ. ನನಗೆ ಕೊಡ್ತಾ ಇಲ್ಲ."

"ಯಾಕೆ? ಲೈಸೆನ್ಸ್ ಮರೆತೆಯಾ?"

"ಲೈಸೆನ್ಸ್ ಇದೆ. ನಿನ್ನ ಮಗಳು ನನ್ನನ್ನ ತಿರಸ್ಕರಿಸಿದ್ದಾಳೆ. ಮೊದಲನೇ ಹೆಸರಿನವರು ಬರಬೇಕಂತೆ."

"ತಮಾಷೆ ಬೇಡ. ಇಲ್ಲಿ ಹತ್ತು ಜನ ಲೈನ್‌ನಲ್ಲಿ ಕಾಯ್ತಾ ಇದ್ದಾರೆ."

"ಇಲ್ಲಿ ಒಬ್ಬಳು ಕಾಯ್ತಾ ಇದ್ದಾಳೆ."

 ಆ ಕಡೆಯ ಕೀಬೋರ್ಡಿನ ಸದ್ದು ನಿಂತಿತು.

"ಅವಳಿಗೆ ಕೊಡು ಫೋನು."

ಕೊಡಹೋದೆ. ಹುಡುಗಿ ತಲೆಯಾಡಿಸಿದಳು. "ಬಂದ ಮೇಲೆ ಮಾತಾಡಲಿ" ಎಂದಳು. ನಾನು ಹಾಗೆಯೇ ದಾಟಿಸಿದೆ. ಫೋನು ಕಟ್ಟಾಯಿತು. ಬರುತ್ತಾನೋ, ಕೋಪಗೊಂಡು ಕಟ್ ಮಾಡಿದನೋ ತಿಳಿಯದು. ಮತ್ತೆ ಮಾಡಿದರೆ ಎತ್ತಲಿಲ್ಲ. ಎತ್ತದಿರುವುದು ಕಾರು ಓಡಿಸುತ್ತಿರುವುದರ ಲಕ್ಷಣವೂ ಹೌದು, ಬ್ಯಾಂಕಿನವರ ಜೊತೆ ಮಾತಾಡುತ್ತಿರುವುದರ ಲಕ್ಷಣವೂ ಹೌದು.

ನನ್ನ ಶತಪಥ ಶುರುವಾಯಿತು. ಶುಕ್ರವಾರ ಸಂಜೆ ಎಪ್ಪಿಂಗ್ ರೋಡಿನಲ್ಲಿ ಕಾರುಗಳು ಹೇಗೆ ನಿಂತಿರುತ್ತವೆಂದು ನನಗೆ ಗೊತ್ತು. ಟನಲ್ಲಿನಲ್ಲಿ ಹೋದನೋ, ಸೇತುವೆ ಹಿಡಿದನೋ. ಅಥವಾ ಎಲ್ಲಿಗೂ ಹೋಗದೆ ಕುರ್ಚಿಯಲ್ಲೇ ಇದ್ದಾನೋ. ಹೆಂಗಸು ಪಕ್ಕದ ಗೇಟಿನ ಕೌಂಟರಿನಿಂದ ನಮ್ಮಿಬ್ಬರನ್ನೂ ಒಂದು ಕಣ್ಣಿನಲ್ಲಿ ಕಾಯುತ್ತಿದ್ದಳು. ನಾನು ಕಿಟಕಿಯ ಕಡೆ ಹೋದರೆ ಹಗುರಾಗುತ್ತಿದ್ದಳು, ಹುಡುಗಿಯ ಕಡೆ ಬಂದರೆ ನೆಟ್ಟಗಾಗುತ್ತಿದ್ದಳು. ಒಂದು ಕುರ್ಚಿ ಬಿಟ್ಟು ಕೂತೆ. ಡಬ್ಬಿಯನ್ನು ಆ ಖಾಲಿ ಕುರ್ಚಿಯ ಮೇಲಿಟ್ಟೆ. ಕೋಡುಬಳೆಯ ಬಗ್ಗೆ ಹುಡುಗಿಯ ತಕರಾರಿರಲಿಲ್ಲ. ಒಂದು ತೆಗೆದುಕೊಂಡು ಬೆರಳಿಗೆ ಸಿಕ್ಕಿಸಿ ಸುತ್ತಲೂ ಕಚ್ಚತೊಡಗಿದಳು.

"ನನ್ನ ಮೇಲೆ ಕೋಪವೇನಮ್ಮಾ?"

"ಇಲ್ಲ ದೊಡ್ಡಪ್ಪ. ನೀವು ಯಾವಾಗಲೂ ಬರ್ತೀರ." ಇನ್ನೊಂದು ತುಂಡು ಕಚ್ಚಿದಳು. "ಅದೇ ಪ್ರಾಬ್ಲಮ್ಮು."

ನಾವು ಅಣ್ಣತಮ್ಮಂದಿರು ಮೈಸೂರಿನಲ್ಲಿ ಓದುವಾಗ ಸ್ಕೂಲು ಬಿಟ್ಟ ಮೇಲೆ ಮನೆಯಲ್ಲಿ ಯಾರು ಬಿಡುವಾಗಿದ್ದರೋ ಅವರು ನಮ್ಮನ್ನು ಕರೆದೊಯ್ಯುತ್ತಿದ್ದರು. ಚಿಕ್ಕಪ್ಪ, ಪಕ್ಕದ ಮನೆಯ ಕಾಂಪೌಂಡರು, ಒಮ್ಮೆ ಹಾಲಿನವನು. ಸೈಕಲ್ಲಿನ ಬಾರಿನ ಮೇಲೆ ತಮ್ಮ, ಕ್ಯಾರಿಯರಿನ ಮೇಲೆ ನಾನು. ಅಪ್ಪ ಏಕೆ ಬರಲಿಲ್ಲವೆಂದು ಕೇಳಿದ ನೆನಪಿಲ್ಲ. ಯಾರೋ ಒಬ್ಬರು ಹೋದರಾಯಿತು ಎಂಬುದು ನಮ್ಮ ಮನೆಯ ವ್ಯವಸ್ಥೆ. ಅದನ್ನು ಮಡಿಸಿ, ಸೂಟ್‌ಕೇಸಿನಲ್ಲಿಟ್ಟು ಇಬ್ಬರೂ ಇಲ್ಲಿಗೂ ತಂದಿದ್ದೆವು, ಯಾವ ಕಸ್ಟಮ್ಸಿನವರೂ ತಡೆಯಲಿಲ್ಲ. ಆದರೆ ಅಪ್ಪ ದಿನವೂ ರಾತ್ರಿ ಊಟಕ್ಕೆ ನಮ್ಮ ಪಕ್ಕದಲ್ಲೇ ಕೂರುತ್ತಿದ್ದರು. ಈ ಭಾಗವನ್ನು ತರಲು ಜಾಗ ಸಾಲದೆ ಬಿಟ್ಟುಬಂದಿದ್ದೆವೇನೋ.

ಹೆಂಗಸು ಗಡಿಯಾರ ನೋಡಿಕೊಂಡು ಬಂದಳು. ಇನ್ನು ತಾಯಿಗೆ ತಿಳಿಸಲೇಬೇಕು ಎಂದು ಕಾಗದದಿಂದ ನಂಬರು ಓದತೊಡಗಿದಳು. ನಾನು ಎದ್ದೆ. 

ಆಗ ತಪಾಸಣೆಯ ಕಡೆಯಿಂದ ಒಬ್ಬ ಓಡಿ ಬರುವುದು ಕಂಡಿತು. ಕೈಯಲ್ಲಿ ಬೆಲ್ಟು, ಕೊರಳಲ್ಲಿ ಆಫೀಸಿನ ಕಾರ್ಡು, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಪ್ಯಾಂಟು. ವಿಮಾನ ತಪ್ಪಿಹೋಗುತ್ತಿರುವವನೆಂದು ಜನ ದಾರಿ ಬಿಟ್ಟರು. ನಲವತ್ತೆಂಟರ ನನ್ನ ತಮ್ಮ ಓಡುವುದನ್ನು ನಾನು ಹೈಸ್ಕೂಲಿನ ನಂತರ ನೋಡಿರಲಿಲ್ಲ. ಆಗಲೂ ಚೆನ್ನಾಗಿ ಓಡುತ್ತಿರಲಿಲ್ಲ.

ಬಂದು ನಿಂತ.  ಹುಡುಗಿಯೂ ಎದ್ದು ನಿಂತಳು, ಹತ್ತಿರ ಹೋಗಲಿಲ್ಲ.

"ಇವರೇ ಮೊದಲನೇ ಹೆಸರು" ಎಂದು ಹೆಂಗಸಿಗೆ ಪರಿಚಯಿಸಿದಳು.

"ಫೋಟೋ ಐಡಿ?" ಎಂದಳು ಹೆಂಗಸು.

ತಮ್ಮ ಜೇಬು ಮುಟ್ಟಿಕೊಂಡ. ಹಿಂದಿನದು, ಮುಂದಿನದು, ಅಂಗಿಯದು. ಪರ್ಸು ಮ್ಯಾಕ್ವೆರಿ ಪಾರ್ಕಿನ ಮೇಜಿನ ಡ್ರಾಯರಿನಲ್ಲಿ ವಿಶ್ರಮಿಸುತ್ತಿತ್ತು. ಕೊರಳಿನ ಆಫೀಸ್ ಕಾರ್ಡು ತೋರಿಸಿದ. ಅದರಲ್ಲಿ ಅವನಿಗೆ ತಲೆ ತುಂಬ ಕೂದಲಿತ್ತು. ಹೆಂಗಸು ಬಹಳ ಮರುಕದಿಂದ ನೋಡಿ, ಇದು ನಡೆಯುವುದಿಲ್ಲ, ಸರ್ಕಾರ ಕೊಟ್ಟದ್ದೇ ಆಗಬೇಕು ಎಂದಳು. ನನ್ನ ತಮ್ಮ ಮಗಳ ಮುಖ ನೋಡಿದ. ಇಡೀ ಜಗತ್ತಿನಲ್ಲಿ ಆ ಕ್ಷಣ ಅವನಷ್ಟು ಅನಧಿಕೃತ ಮನುಷ್ಯ ಇನ್ನೊಬ್ಬನಿರಲಿಲ್ಲ.

ಹುಡುಗಿ ಅಪ್ಪನನ್ನು ಬೆಲ್ಟಿನಿಂದ ಬೂಟಿನವರೆಗೆ ಪರಿಶೀಲಿಸಿದಳು. ಮೊದಲ ಬಾರಿಗೆ ತುಟಿ ಸ್ವಲ್ಪ ಸಡಿಲವಾಯಿತು.

"ಪರವಾಗಿಲ್ಲ" ಎಂದಳು ಹೆಂಗಸಿಗೆ. "ಈಗ ಎರಡನೇ ಹೆಸರು ಸೈನ್ ಮಾಡಬಹುದು."

ಮಾಡಿದೆ. ಹೆಂಗಸು ಲೈಸೆನ್ಸ್ ಹಿಂದಿರುಗಿಸಿ, ಮೂವರನ್ನೂ ಒಮ್ಮೆ ಸಾಲಾಗಿ ನೋಡಿ, ಇನ್ನೊಂದು ಗೇಟಿಗೆ ಓಡಿದಳು. ತಮ್ಮ ಬೆಲ್ಟು ಹಾಕಿಕೊಳ್ಳುತ್ತಿದ್ದ.

"ಆಫೀಸಲ್ಲಿ ಏನು ಹೇಳಿದಿರಿ?" ಎಂದಳು ಹುಡುಗಿ.

"ಮಗಳು ಏರ್‌ಪೋರ್ಟಲ್ಲಿ ಕಾಯ್ತಾ ಇದ್ದಾಳೆ, ಹೋಗ್ತೀನಿ ಅಂದೆ."

"ಬೈದ್ರಾ?"

"ಇಲ್ಲ." ಅವನ ದನಿಯಲ್ಲಿ ಬೆರಗಿತ್ತು. "ಸರಿ ಹೋಗಪ್ಪಾ ಅಂದರು. ಅಷ್ಟೇ."

ಹುಡುಗಿ ನನ್ನ ಫೋನು ಕೇಳಿ ಈಸಿಕೊಂಡು ಅಮ್ಮನಿಗೆ ಮಾಡಿದಳು. ಇಳಿದೆ ಎಂದಳು. ಅಪ್ಪ ಬಂದಿದ್ದಾರೆ ಎಂದಳು. ಆ ಕಡೆಯವಳು ಏನೋ ಕೇಳಿದಳು, ಬಹುಶಃ ಎರಡೆರಡು ಸಲ ಕೇಳಿದಳು. "ಹೂಂ, ನಿಜವಾಗಲೂ. ಮುಂದಿನದೂ ಬುಕ್ ಮಾಡು" ಎಂದಳು ಹುಡುಗಿ. ತಮ್ಮ ಬಗ್ಗಿ ಅವಳ ಚೀಲ ಎತ್ತಿಕೊಂಡ. ಎತ್ತಿಕೊಂಡವನು ಬಹಳ ಹೊತ್ತು ಬಗ್ಗಿಯೇ ಇದ್ದ.

ಅವರಿಬ್ಬರೂ ಅವನ ಕಾರಿನ ಕಡೆ ಹೋದರು. ನಾನು ನನ್ನ ಕಾರಿನಲ್ಲಿ ಕೂತೆ. ಹೊರಡಲು ಮನಸ್ಸಾಗಲಿಲ್ಲ. ಇಳಿದು ಕಾರಿನ ಸುತ್ತ ಎರಡು ಸುತ್ತು ಬಂದೆ. ಹೆಂಡತಿಯ ಫೋನು.

"ರೀ, ಎಲ್ಲಿದ್ದೀರಿ? ಹುಡುಗಿಗೆ ಹಸಿವಾಗಿರುತ್ತೆ, ಅನ್ನಕ್ಕಿಟ್ಟಿದ್ದೀನಿ."

"ನಾನೊಬ್ಬನೇ ಬರ್ತಾ ಇದ್ದೀನಿ. ಅವಳಪ್ಪ ಕರೆದುಕೊಂಡು ಹೋದ."

"ಯಾರು?"

"ಅವಳಪ್ಪ."

ಆ ಕಡೆ ಕುಕ್ಕರು ಒಂದು ಸಲ ಕೂಗಿತು.

"ಮತ್ತೆ ನೀವ್ಯಾಕೆ ಹೋಗಿದ್ದಿರಿ?"

"ಸೈನ್ ಮಾಡೋಕೆ" ಎಂದೆ.