ಬುಲೆಂಗೇರ ಗುಡ್ಡದ ಪೂಜೆರೊಟ್ಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬುಲೆಂಗೇರ ಗುಡ್ಡದ ಚರ್ಚಿನ ಹಿಂದೆ, ಒಂದು ಕಾಲದಲ್ಲಿ ಕನ್ಯಾಸ್ತ್ರೀಯರ ಮಠವಾಗಿದ್ದ ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ಫೆಬ್ರೋನಿಯಾ ನಸ್ಸೂನ ಇದ್ದಿಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಗೋಧಿ ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿಟ್ಟ ಬೋಗುಣಿ. ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ. ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಇಕ್ಕಳದ ಹಾಗೆ ತೆರೆದು, ಜೇನುಮೇಣ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಂದು ಸೌಟು ಹಿಟ್ಟು ಹುಯ್ದು ಮುಚ್ಚುತ್ತಾರೆ. ಚುರ್ ಎಂದು ಹಬೆ ಏಳುತ್ತದೆ. ಕೂಡಲೇ ಅವರ ತುಟಿ ಅಲುಗತೊಡಗುತ್ತದೆ.

“ಒಂದು ಮಗ್ಗುಲಿಗೆ ಒಂದು ನಮೋ ಮರಿಯ. ಆಮೇಲೆ ಮಗುಚಿ ಇನ್ನೊಂದು. ಜಪ ಅವಸರದಲ್ಲಿ ಹೇಳಿದ್ರೆ ರೊಟ್ಟಿ ಹಸಿ. ಎಳೆದೆಳೆದು ಹೇಳಿದ್ರೆ ಸೀದು ಹೋಗುತ್ತೆ. ಸಿಸ್ಟರ್ ಲುಡೋವಿಕಾ ಕಲಿಸಿದ್ದೇ ಹಾಗೆ. ನನ್ನ ಮನೇಲಿ ಗಡಿಯಾರ ಇದೆ, ಈ ಕೋಣೆಗೆ ಮಾತ್ರ ತಂದಿಲ್ಲ.”

ಅಚ್ಚು ತೆರೆದಾಗ ಕಾಗದದಷ್ಟು ತೆಳುವಾದ ಬಿಳಿಯ ಹಾಳೆ ಹೊರಬರುತ್ತದೆ. ಅದರ ಮೇಲೆ ಸಾಲಾಗಿ ಪುಟ್ಟ ಪುಟ್ಟ ಶಿಲುಬೆಗಳ ಗುರುತು. ಇವತ್ತು ಶುಕ್ರವಾರ, ಸುಡುವ ದಿನ. ಹಾಳೆಗಳು ರಾತ್ರಿಯೆಲ್ಲ ಒದ್ದೆ ಬಟ್ಟೆಯಡಿ ಮೆತ್ತಗಾದ ಮೇಲೆ ನಾಳೆ ಕತ್ತರಿಸುವುದು. ಭಾನುವಾರ ಈ ಧರ್ಮಕೇಂದ್ರದ ದೊಡ್ಡ ಚರ್ಚಿಗೂ ಸುತ್ತಲ ಗುಡ್ಡಗಳ ಹದಿನಾಲ್ಕು ಸಣ್ಣ ಪ್ರಾರ್ಥನಾಲಯಗಳಿಗೂ ಪೂಜೆಗೆ ಹೋಗುವ ರೊಟ್ಟಿಯೆಲ್ಲ ಈ ಒಂದು ಅಚ್ಚಿನದ್ದೇ, ಈ ಎರಡು ಕೈಗಳದ್ದೇ. ಮಸಾಕ ಪಟ್ಟಣದಿಂದ ಪೂಜೆಗೆ ಬರುವವರು ಪಾದ್ರಿಗಳ ಪ್ರವಚನ ಹೊಗಳುತ್ತಾರೆ, ಡೋಲು ಬಾರಿಸುವವರನ್ನು ಹೊಗಳುತ್ತಾರೆ. ನಾಲಿಗೆಯ ಮೇಲೆ ಕರಗಿದ್ದನ್ನು ಸುಟ್ಟವರು ಯಾರು ಎಂದು ಕೇಳಿದವರು ಕಡಿಮೆ.

ಹಾಗೆ ಕೇಳಿದ್ದರೆ ಒಂದು ಸಂಗತಿ ಗೊತ್ತಾಗುತ್ತಿತ್ತು. ನಲವತ್ತು ವರ್ಷಕ್ಕೂ ಮೇಲೆ ಊರಿಗೆಲ್ಲ ರೊಟ್ಟಿ ಸುಟ್ಟಿರುವ ಫೆಬ್ರೋನಿಯಾ ಅಷ್ಟೂ ವರ್ಷ ಒಂದು ದಿನವೂ ಆ ರೊಟ್ಟಿಯನ್ನು ಪರಮಪ್ರಸಾದವಾಗಿ ಪಡೆಯುವ ಸಾಲಿನಲ್ಲಿ ನಿಂತಿಲ್ಲ. ಎಲ್ಲರೂ ಎದ್ದು ಮುಂದೆ ಹೋಗುವ ಹೊತ್ತಿಗೆ ಅವರು ಕೊನೆಯ ಬೆಂಚಿನಲ್ಲಿ ಕೂತೇ ಇರುತ್ತಾರೆ. ಗಂಡ ಪೊನ್ಸಿಯಾನೊ ಸೆಮ್ವಂಗ ಚರ್ಚಿನ ಒಳಗೂ ಬರುವುದಿಲ್ಲ. ಆ ಹೊತ್ತಿಗೆ ಅವರು ಅಂಗಳದ ಮಾವಿನ ಮರದಡಿ, ತಮ್ಮಂಥ ಗಂಡಸರ ಜೊತೆ ಕಾಫಿ ಬೆಳೆಯ ಮಾತಾಡುತ್ತಿರುತ್ತಾರೆ. ಚರ್ಚಿನಲ್ಲಿ ಮದುವೆಯಾಗದೆ ಸಂಸಾರ ಮಾಡಿದವರಿಗೆ ಪ್ರಸಾದವಿಲ್ಲ. ಇಲ್ಲಿ ಚರ್ಚಿನ ಮದುವೆಯಾಗಬೇಕಾದರೆ ಹೆಣ್ಣಿನ ಕಡೆಯವರು ಒಪ್ಪಬೇಕು. ಒಪ್ಪಿಗೆಯೆಂದರೆ ಮಾತಲ್ಲ, ಹುಂಜ. ಗಂಡಾದವನು ಹೆಣ್ಣಿನ ಅಣ್ಣನ ಕೈಗೆ ಒಂದು ಹುಂಜ ಕೊಡಬೇಕು, ಅಣ್ಣ ಅದನ್ನು ತಿನ್ನಬೇಕು. ಅಲ್ಲಿಯವರೆಗೆ ಎಷ್ಟು ಮಕ್ಕಳು ಹುಟ್ಟಿದರೂ ಹುಡುಗಿ ಕದ್ದ ಮಾಲೇ.

ಫೆಬ್ರೋನಿಯಾ ಹುಡುಗಿಯಾಗಿ ಈ ಮಠಕ್ಕೆ ಬಂದದ್ದು ಪಾತ್ರೆ ತೊಳೆಯಲು. ಆ ದಿನಗಳ ಮಾತೆತ್ತಿದರೆ ಅವರ ಕೈ ನಿಧಾನವಾಗುತ್ತದೆ. “ಕ್ರಿಸ್ಮಸ್ಸಿಗೆ ದೂರದ ಗುಡ್ಡದವರೆಲ್ಲ ಹಿಂದಿನ ದಿನವೇ ನಡ್ಕೊಂಡು ಬರೋರು. ಚರ್ಚಿನ ಸುತ್ತ ಎಲ್ಲಿ ನೋಡಿದ್ರೂ ಬಾಳೆಎಲೆಯಲ್ಲಿ ಬಾಳೆಕಾಯಿ ಮಟೋಕೆ ಬೇಯೋ ವಾಸನೆ. ಹೆಂಗಸರು ಅಲ್ಲೇ ಚಾಪೆ ಹಾಸ್ಕೊಂಡು ಮಲಗೋರು. ಪ್ರಸಾದದ ಹಬ್ಬದ ಮೆರವಣಿಗೆಗೆ ನಾವು ಹುಡುಗೀರು ಬುಟ್ಟಿ ತುಂಬ ಹೂವು ಕಿತ್ತು ದಾರಿಗೆ ಚೆಲ್ತಿದ್ವಿ. ಆಗ ನಾನೂ ಸಾಲಲ್ಲಿ ನಿಂತು ಪ್ರಸಾದ ತಗೊಂಡೋಳೇ. ಸಿಸ್ಟರ್ ಸುಟ್ಟಿದ್ದು. ಆಹಾ, ಆ ಸಾಲು ಈಗಲೂ ಕಣ್ಣಿಗೆ ಕಟ್ಟಿದೆ ನೋಡಿ.”

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಯುದ್ಧ ಬಂತು. ಮಸಾಕದ ಮೇಲೆ ಗುಂಡು ಬೀಳುವ ಸದ್ದು ಇಲ್ಲಿಗೆ ಕೇಳಿಸುತ್ತಿತ್ತು. ಕನ್ಯಾಸ್ತ್ರೀಯರನ್ನು ಲಾರಿಯಲ್ಲಿ ಕರೆದೊಯ್ದರು. ಹತ್ತುವ ಮೊದಲು ಸಿಸ್ಟರ್ ಲುಡೋವಿಕಾ ಅಚ್ಚನ್ನು ಹಳೆ ಕಂಬಳಿಯಲ್ಲಿ ಸುತ್ತಿ ಫೆಬ್ರೋನಿಯಾಳ ಕೈಗಿಟ್ಟರು. ಅಪ್ಪ ತೀರಿಹೋಗಿದ್ದರು, ಅಣ್ಣ ಲಾವ್ರೆನ್ಸಿಯೊ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಚರ್ಚಿಗೆ ಸೌದೆ ಹಾಕುತ್ತಿದ್ದ ಪೊನ್ಸಿಯಾನೊ ತನ್ನ ಸೈಕಲ್ಲಿನ ಹಿಂದೆ ಹುಡುಗಿಯನ್ನೂ ಅಚ್ಚನ್ನೂ ಕೂರಿಸಿಕೊಂಡು ಜವುಗಿನಾಚೆ ತನ್ನ ತಾಯಿಯ ಮನೆಗೆ ಹೋದ. ಯುದ್ಧ ಮುಗಿದು ಅವರು ಗುಡ್ಡಕ್ಕೆ ವಾಪಸಾಗುವಾಗ ಫೆಬ್ರೋನಿಯಾ ಬಸುರಿ.

ಪೊನ್ಸಿಯಾನೊ ಮರ್ಯಾದಸ್ಥ. ಅಷ್ಟರಲ್ಲಿ ಊರಿಗೆ ಮರಳಿದ್ದ ಭಾವ ಲಾವ್ರೆನ್ಸಿಯೊನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲು ಹೊರಟ. ಎಡವಟ್ಟಾದದ್ದು ಅಲ್ಲೇ. “ಸೈನಿಕರು ಬಂದು ಹೋದ ಮೇಲೆ ಊರಲ್ಲಿ ಒಂದು ಹುಂಜ ಉಳಿದಿರ್ಲಿಲ್ಲ ಸ್ವಾಮಿ, ಎಲ್ಲಾ ತಿಂದು ತೇಗಿದ್ರು. ನಮ್ಮವ್ವನ ಮಂಚದಡಿ ಅವಿತಿದ್ದ ಒಂದು ಹೇಂಟೆ ಇತ್ತು. ಬರಿಗೈಲಿ ಹೋಗೋದಕ್ಕಿಂತ ವಾಸಿ ಅಂತ ಅದನ್ನೇ ಒಯ್ದೆ,” ಎಂದು ಪೊನ್ಸಿಯಾನೊ ಇವತ್ತಿಗೂ ಕೈಚೆಲ್ಲುತ್ತಾರೆ. ಅಣ್ಣನ ಕೈಗೆ ಹೇಂಟೆ ಕೊಡುವುದೆಂದರೆ ನೀನೂ ಒಂದು ಹೆಂಗಸು ಎಂದು ಮುಖದ ಮೇಲೆ ಹೇಳಿದಂತೆ. ಲಾವ್ರೆನ್ಸಿಯೊ ಅದನ್ನು ಬೇಲಿಯಾಚೆ ಎಸೆದರು. “ಹೋಗು, ಮೊಟ್ಟೆ ಮಾರ್ಕೊಂಡು ಬದುಕು” ಎಂದರಂತೆ. ಪೊನ್ಸಿಯಾನೊಗೂ ರೇಗಿತು. “ಒಂದ್ಸಲ ತಂದಾಯ್ತು. ಇನ್ನೊಂದ್ಸಲ ತರೋಕೆ ನಾನೇನು ಕೋಳಿ ವ್ಯಾಪಾರದವನಾ?” ಎಂದು ಬಂದುಬಿಟ್ಟರು. ಮಾತು ನಿಂತಿತು. ಆರು ಮಕ್ಕಳಾದವು, ಮೊಮ್ಮಕ್ಕಳಾದವು. ಇಬ್ಬರು ಗಂಡಸರ ಬಿಗುಮಾನದ ನಡುವೆ ಸಿಕ್ಕಿಕೊಂಡವರು ಫೆಬ್ರೋನಿಯಾ.

ಕನ್ಯಾಸ್ತ್ರೀಯರು ಮರಳಿ ಬರಲಿಲ್ಲ. ಅಚ್ಚು ಇದ್ದದ್ದು ಇವರ ಬಳಿ, ಕಲಿತವರೂ ಇವರೊಬ್ಬರೇ. ಅಂದಿನ ಪಾದ್ರಿಗಳು ಸುಡು ಎಂದರು, ಸುಟ್ಟರು. ಮಾತೆಯರ ಸಂಘದಲ್ಲಿ ಗುಸುಗುಸು ಎದ್ದಿತು. ಪ್ರಸಾದ ತಗೊಳ್ಳೋ ಯೋಗ್ಯತೆ ಇಲ್ಲದವಳ ಕೈಯ ರೊಟ್ಟಿಯೇ ಎಂದು ಬಾವಿಕಟ್ಟೆಯಲ್ಲಿ ಇವರಿಗೆ ಕೇಳಿಸುವ ಹಾಗೆ ಅಂದವರಿದ್ದರು. “ನಾನೂ ಬಿಡಲಿಲ್ಲ. ಹಾಗಾದ್ರೆ ನೀವೇ ಬನ್ನಿ ತಾಯಿ, ಅಚ್ಚು ಹಿಡೀರಿ, ನಾನು ಕೂತು ನೋಡ್ತೀನಿ ಅಂದೆ. ಒಬ್ಬಳು ಬಂದ್ಲು. ಅರ್ಧ ಗಂಟೇಲಿ ಕೈ ಸುಟ್ಕೊಂಡು ಹೋದ್ಲು, ಪಾಪ.” ಫೆಬ್ರೋನಿಯಾ ನಗುತ್ತಾರೆ. ಆಮೇಲೆ ನಗು ಇಳಿಯುತ್ತದೆ. “ನೋವಾಗ್ತಿತ್ತು. ಆಗಲಿಲ್ಲ ಅಂದ್ರೆ ಸುಳ್ಳು. ಭಾನುವಾರ ಎಲ್ಲರೂ ಎದ್ದು ಹೋದಾಗ ಬೆಂಚು ಖಾಲಿ ಆಗುತ್ತಲ್ಲ, ಅದೊಂದು ಗಳಿಗೆ ತುಂಬಾ ಉದ್ದ.”

ಈಗಿನ ಪಾದ್ರಿ ಲುಬೇಗ ಇದೇ ಊರಿನವರು. ರೊಟ್ಟಿ ಕತ್ತರಿಸಿ ಉಳಿದ ಅಂಚನ್ನು ಶನಿವಾರ ಮಕ್ಕಳಿಗೆ ಹಂಚುವ ಈ ಬಾಗಿಲಲ್ಲಿ ಅವರೂ ಬೊಗಸೆಯೊಡ್ಡಿದವರೇ. ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬುವ ಈ ಭಾನುವಾರ, ಚರ್ಚಿನ ಮದುವೆಯಾಗದ ಹಿರಿಯ ಜೋಡಿಗಳಿಗೆಲ್ಲ ಒಟ್ಟಿಗೇ ವಿವಾಹ ಸಂಸ್ಕಾರವೆಂದು ಅವರು ಸಾರಿದ್ದಾರೆ. ಮಾವಿನ ಮರದಡಿಯ ಗಂಡಸರು ಒಬ್ಬೊಬ್ಬರಾಗಿ ಹೆಸರು ಕೊಟ್ಟರು. ಪೊನ್ಸಿಯಾನೊ ಕೊಟ್ಟಿರಲಿಲ್ಲ. “ನಾನು ಬಲವಂತ ಮಾಡೋ ಹಾಗಿಲ್ಲ. ಅಣ್ಣ ಹುಂಜ ತಿಂದ್ರೆ ಶನಿವಾರ ರಾತ್ರೀನೂ ಹೆಸರು ಬರ್ಕೊತೀನಿ, ಪಾಪನಿವೇದನೆ ಕೇಳ್ತೀನಿ. ತಿನ್ನದೇ ಇದ್ರೆ ನನ್ನ ಕೈ ಕಟ್ಟಿದ ಹಾಗೆ,” ಎನ್ನುತ್ತಾರೆ ಪಾದ್ರಿ.

ಫೆಬ್ರೋನಿಯಾ ಇಷ್ಟು ವರ್ಷ ಗಂಡನನ್ನು ಏನೂ ಕೇಳಿರಲಿಲ್ಲ. ಕಳೆದ ವಾರ ಕೇಳಿದರು, ಬಟಾಟೆ ಸುಲಿಯುತ್ತಾ. “ನಾಳೆ ಅಣ್ಣ ಹೋಗ್ಬಿಟ್ರೆ ಹುಂಜ ಯಾರ ಕೈಗೆ ಕೊಡ್ತೀಯಾ?” ಅಷ್ಟೇ. ಪೊನ್ಸಿಯಾನೊ ಎರಡು ದಿನ ಸಂತೆ ಸುತ್ತಿ ಒಂದು ಕೆಂಪು ಹುಂಜ ತಂದು ಕಂಬಕ್ಕೆ ಕಟ್ಟಿದರು. ಇವತ್ತು ಮುಂಜಾನೆ ಅದನ್ನು ಕಂಕುಳಲ್ಲಿಟ್ಟುಕೊಂಡು, ಹಬ್ಬದ ಬಿಳಿ ನಿಲುವಂಗಿ ತೊಟ್ಟು, ಈ ಅಡುಗೆಕೋಣೆಯ ಬಾಗಿಲಲ್ಲಿ ನಿಂತರು.

“ಸರಿಯಾಗಿ ನೋಡೇ ನೀನೂ. ಹುಂಜ ತಾನೇ?”

“ಬಾಲ ನೋಡಿದ್ರೆ ಹುಂಜಾನೇ. ಬುದ್ಧಿ ಹೇಗಿದೆಯೋ, ಹೊತ್ಕೊಂಡಿರೋನನ್ನ ಕೇಳ್ಬೇಕು.”

“ಈ ಸಲಾನೂ ಎಸೆದ್ರೆ?”

“ಎಸೆದ್ರೆ ಹಿಡ್ಕೊಂಡು ಮತ್ತೆ ಕೊಡು. ಕಾಲಿಗೆ ಬೀಳೋದಾದ್ರೆ ಬೀಳು. ನನಗೋಸ್ಕರ ಒಂದ್ಸಲ ಬೀಳು, ಪೊನ್ಸಿಯಾನೊ.”

ಅವರು ಹೋದರು. ಹೊತ್ತೇರುತ್ತದೆ. ಫೆಬ್ರೋನಿಯಾ ಒಂದಾದ ಮೇಲೊಂದು ಹಾಳೆ ತೆಗೆದು ಬುಟ್ಟಿಗೆ ಪೇರಿಸುತ್ತಾರೆ. ಬಾಗಿಲಾಚೆ ಬೈಕಿನ ಸದ್ದಾದಾಗಲೆಲ್ಲ ತಲೆಯೆತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸೀದ ವಾಸನೆ ಕೋಣೆ ತುಂಬುತ್ತದೆ. ಅಚ್ಚು ತೆರೆದರೆ ಹಾಳೆ ಕಾಫಿ ಬಣ್ಣಕ್ಕೆ ತಿರುಗಿದೆ. “ಅಯ್ಯೋ, ಒಂದೇ ಮಗ್ಗುಲಿಗೆ ಎರಡು ಸಲ ಹೇಳ್ಬಿಟ್ನಾ, ಮೂರು ಸಲಾನಾ?” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಹೀಗಾಗಿ ವರ್ಷಗಳೇ ಆಗಿತ್ತಂತೆ. ಅವರಿಗೆ ಹೆದರಿಕೆಯಾಗಿದೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. “ಅಣ್ಣ ಹಟಮಾರಿ. ನಾನೂ ಅದೇ ಹೊಟ್ಟೇಲಿ ಹುಟ್ಟಿದೋಳು, ನನಗೆ ಗೊತ್ತು.”

ಬಿಸಿಲು ಓರೆಯಾದ ಮೇಲೆ ಬಾಡಿಗೆಯ ಬೋಡಾ ಬೈಕೊಂದು ಅಂಗಳಕ್ಕೆ ಬಂದು ನಿಲ್ಲುತ್ತದೆ. ಸವಾರನ ಬೆನ್ನಿಗೆ ಅಂಟಿಕೊಂಡು ಊರುಗೋಲಿನ ಮುದುಕರೊಬ್ಬರು, ಅವರ ಹಿಂದೆ ಪೊನ್ಸಿಯಾನೊ. ಪೊನ್ಸಿಯಾನೊ ಅವರ ಕಂಕುಳು ಖಾಲಿ. ಬಿಳಿ ನಿಲುವಂಗಿಯ ಮಂಡಿಯ ಹತ್ತಿರ ಕೆಮ್ಮಣ್ಣು ಮೆತ್ತಿದೆ. ಫೆಬ್ರೋನಿಯಾ ಅಚ್ಚನ್ನು ಕೆಳಗಿಟ್ಟು ಓಡಿ, ಹೊಸಲಿನ ಮೇಲೆ ಮೊಣಕಾಲೂರಿ ಅಣ್ಣನಿಗೆ ನಮಸ್ಕರಿಸುತ್ತಾರೆ. ಲಾವ್ರೆನ್ಸಿಯೊಗೆ ಎಂಬತ್ತರ ಹತ್ತಿರ, ಬಾಯಲ್ಲಿ ಒಂದೂ ಹಲ್ಲಿಲ್ಲ.

“ಏಳೇ, ಏಳು. ನಿನ್ನ ಗಂಡನ ಹುಂಜ ಅಂದ್ರೆ ಬರೀ ಮೂಳೆ. ಕಲ್ಲಿನ ಹಾಗಿತ್ತು.”

“ತಿಂದ್ಯಾ ಅಣ್ಣಾ?”

“ಎಲ್ಲಿಂದ ತಿನ್ನಲಿ? ಹಲ್ಲಿರೋ ಕಾಲದಲ್ಲಿ ಹೇಂಟೆ ತಂದ, ಹಲ್ಲು ಹೋದ ಮೇಲೆ ಹುಂಜ ತಂದ. ಸಾರು ಕುಡಿದೆ. ಒಂದು ತೊಟ್ಟೂ ಬಿಡದ ಹಾಗೆ ಕುಡಿದೆ.” ಮುದುಕರು ಊರುಗೋಲನ್ನು ನೆಲಕ್ಕೆ ಕುಟ್ಟುತ್ತಾರೆ. “ಅದೆಲ್ಲಿ ಆ ಪಾದ್ರಿ? ಕರೀರಿ. ಸಾರು ಕುಡಿದ್ರೂ ತಿಂದ ಹಾಗೇ ಅಂತ ನಾನೇ ಹೇಳ್ತೀನಿ. ಇವಳನ್ನ ಕೊಟ್ಟಿದೀನಿ ಅಂತ ಬರ್ಕೊಳ್ಳಲಿ.” ತಂಗಿಯ ತಲೆಯ ಮೇಲೆ ಕೈಯಿಟ್ಟವರು ಬಹಳ ಹೊತ್ತು ತೆಗೆಯುವುದಿಲ್ಲ.

ಪೊನ್ಸಿಯಾನೊ ಪಾದ್ರಿಯನ್ನು ಕರೆತರಲು ಹೋಗುತ್ತಾರೆ. ಲಾವ್ರೆನ್ಸಿಯೊ ನೆರಳಿನಲ್ಲಿ ಚಾಪೆಯ ಮೇಲೆ ಕಾಲು ಚಾಚಿ, ತಂಗಿ ಕೊಟ್ಟ ಚಹಾ ಕುಡಿಯುತ್ತಾರೆ. ಫೆಬ್ರೋನಿಯಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಒಲೆಯ ಮುಂದೆ ಕೂರುತ್ತಾರೆ. ಕಲಸಿದ ಹಿಟ್ಟು ಇನ್ನೂ ಉಳಿದಿದೆ. ನೂರು ವರ್ಷದ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆ, ಎಂದೂ ಬರದಷ್ಟು ಜನ ಬರುತ್ತಾರೆ.

ಭಾನುವಾರ ಹೊಸ ಮದುಮಗಳು ನೀವು, ಪ್ರಸಾದದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರಲ್ಲ ಎಂದರೆ ಅವರು ಅಚ್ಚು ಮಗುಚುತ್ತಾ ತಲೆಯಾಡಿಸುತ್ತಾರೆ.

“ಬೇಡಪ್ಪ. ಫಾದರಿಗೆ ಹೇಳ್ತೀನಿ, ನನ್ನನ್ನ ಕೊನೇಲಿ ನಿಲ್ಲಿಸಿ ಅಂತ. ಅಷ್ಟು ಜನಕ್ಕೆ ಸಾಕಾಯ್ತೋ ಇಲ್ವೋ ನೋಡ್ಬೇಡವಾ? ಸುಟ್ಟೋಳು ನಾನು. ಎಲ್ಲರದೂ ಆಗ್ಲಿ, ಆಮೇಲೆ ನಂದು.”