ಡಬ್ಬಿಯಕ್ಕನ ಜೇಡಗಳು

ಆ ತೋಟದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಡಬ್ಬಿಯಕ್ಕ ಎಂದರೆ ಸಾಕು, ಗೇಟಿನ ಕಾವಲುಗಾರನಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರ ಕಣ್ಣಮುಂದೆ ಒಂದೇ ಚಿತ್ರ ಬಂದು ನಿಲ್ಲುತ್ತಿತ್ತು. ತಲೆಗೆ ಬಟ್ಟೆ ಕಟ್ಟಿ, ಏಪ್ರನ್ನಿನ ಜೇಬಿಗೆ ಕಾಫಿಪುಡಿಯ ಹಳೆಯ ತಗಡಿನ ಡಬ್ಬಿ ತುರುಕಿ, ಕೈಯಲ್ಲಿ ಚಿತ್ರ ಬರೆಯುವ ಸಣ್ಣ ಕುಂಚ ಹಿಡಿದು, ಹೂವಿನ ಮುಂದೆ ಬಗ್ಗಿ ಅದರೊಂದಿಗೆ ಜಗಳ ಕಾಯುತ್ತಿರುವ ಹೆಂಗಸು. ಜಗಳ ಹೂವಿನೊಂದಿಗಲ್ಲ, ಹೂವಿನಲ್ಲಿ ಕೂತ ಜೇಡದೊಂದಿಗೆ. "ಏಳು, ಏಳು. ಇದೇನು ನಿಮ್ಮಪ್ಪನ ಮನೆಯಾ?" ಎನ್ನುತ್ತಾ ಕುಂಚದಿಂದ ಮೆತ್ತಗೆ ತಟ್ಟಿ ಅದನ್ನು ಡಬ್ಬಿಗೆ ಇಳಿಸುತ್ತಿದ್ದಳು.

ಅದು ಮಾರಾಟಕ್ಕೆ ಹೂವು ಬೆಳೆಯುವ ತೋಟವಲ್ಲ. ಹೊರಗೆ ಇಲ್ಲವಾಗುತ್ತಿರುವ ಗಿಡಗಳನ್ನು ತಂದು ನೆಟ್ಟು, ಬೀಜ ಮಾಡಿಸಿ, ತಂಪುಕೋಣೆಯಲ್ಲಿ ಕಾಪಾಡುವ ತೋಟ. ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ಪಾತಿ. ಹಿಂಗೋಡೆಯ ಪಕ್ಕದ ಪಾತಿ ಡಬ್ಬಿಯಕ್ಕನದು. ಅಲ್ಲಿದ್ದದ್ದು ಸಾಸಿವೆಯ ದೂರದ ನೆಂಟನಂಥ ಗಿಡ. ನಾಲ್ಕು ಎಸಳಿನ ಹಳದಿ ಹೂವು, ಅದರ ಬುಡದಲ್ಲಿ ಕಟ್ಟುವ ಕಾಯಿ ಮಾತ್ರ ವಿಚಿತ್ರ: ಎರಡು ಚಪ್ಪಟೆ ಬಿಲ್ಲೆಗಳು ಅಕ್ಕಪಕ್ಕ ಅಂಟಿಕೊಂಡು ಥೇಟ್ ಕನ್ನಡಕ. ಪುಸ್ತಕದ ಹೆಸರು ಉದ್ದವಾಗಿತ್ತು, ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಹಾಗಾಗಿ ಎಲ್ಲರಿಗೂ ಅದು ಕನ್ನಡಕದ ಗಿಡ.

ಜೇಡ ಹಿಡಿಯುವ ವಿದ್ಯೆ ಕಲಿಸಿದವನು ಹಳೆಯ ಮಾಲಿ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೂವಿನತ್ತ ಬೆರಳು ತೋರಿಸಿ, "ಏನು ಕಾಣ್ತದೆ?" ಎಂದು ಕೇಳಿದ್ದ. ಹೂವು ಕಾಣ್ತದೆ ಎಂದಳು. "ಸರಿಯಾಗಿ ನೋಡಮ್ಮ." ಆಗ ಕಂಡಿತು. ಹೂವಿನದೇ ಹಳದಿ ಬಣ್ಣ ಹೊದ್ದ, ಏಡಿಯಂತೆ ಮುಂಗಾಲು ಚಾಚಿದ ಜೇಡ. ಬಲೆ ಹೆಣೆಯುವ ಗೋಜಿಲ್ಲ, ಓಡಾಟವಿಲ್ಲ, ಬಂದ ಜೇನುಹುಳದ ಕುತ್ತಿಗೆ ಹಿಡಿಯುವುದಷ್ಟೇ ಕೆಲಸ. ಮಾಲಿ ಹೇಳಿದ: "ಜೇನು ಬರದಿದ್ರೆ ಈ ಗಿಡ ಕಾಯಿ ಕಟ್ಟಲ್ಲ. ಇವನು ಕೂತಿದ್ರೆ ಜೇನು ಬರಲ್ಲ. ಬೆಳಗ್ಗೆ ಜೇನು ಬರೋದಕ್ಕೆ ಮುಂಚೆ ಇವನನ್ನ ಎತ್ತಿ ಆಚೆ ಬಿಡು. ಕೊಲ್ಲಬೇಡ, ಪಾಪ, ಅವನಿಗೂ ಹೊಟ್ಟೆ ಇದೆ." ಅವಳು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡಳು. ಮಾಲಿ ತೀರಿಕೊಂಡ ಮೇಲೂ ಇಳಿಸಲಿಲ್ಲ. ದಿನಾ ಬೆಳಗ್ಗೆ ಹೂವು ಹೂವನ್ನೂ ತಡವಿ ಜೇಡಗಳನ್ನು ಡಬ್ಬಿಗೆ ಹಾಕಿ, ಗೊಬ್ಬರದ ಗುಂಡಿಯ ಆಚೆ ಬಿಟ್ಟು ಬರುವಳು. ಆ ನಾಚಿಕೆಗೆಟ್ಟವು ಮತ್ತೆ ಬಂದು ಕೂರುತ್ತಿದ್ದವು.

ಮೊದಮೊದಲು ಕಾಯಿ ಚೆನ್ನಾಗಿಯೇ ಕಟ್ಟಿತು. ಈಚೆಗೆ ಯಾಕೋ ಕೈಕೊಟ್ಟಿತು. ಹೂವು ಅರಳುವುದೇನೋ ಅರಳುತ್ತಿತ್ತು, ಕಾಯಿಯ ಜಾಗದಲ್ಲಿ ಬರೀ ಒಣ ತೊಟ್ಟು. ಜೇನು ಕಡಿಮೆಯಾಗಿದೆ ಎಂದು ಎಲ್ಲರೂ ತಲೆಯಾಡಿಸಿದರು. ಜೇನು ಕಡಿಮೆ ಎಂದ ಮೇಲೆ ಜೇಡಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಎತ್ತಬೇಕಲ್ಲವೇ? ಡಬ್ಬಿಯಕ್ಕ ಸಂಜೆಯೂ ಒಂದು ಸುತ್ತು ಹಾಕತೊಡಗಿದಳು. ಕಾಯಿ ಇನ್ನೂ ಕಡಿಮೆಯಾಯಿತು. ಈ ವರ್ಷ ಹೂವಿನ ಕಾಲ ಶುರುವಾಗುವಾಗ ಮೇಲ್ವಿಚಾರಕರು ಪಾತಿಯ ಹತ್ತಿರ ಬಂದು ನಿಂತರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ತೆಗೆದು ಒರೆಸುವ ಅಭ್ಯಾಸ, ಅವತ್ತು ಬಹಳ ಹೊತ್ತು ಒರೆಸಿದರು.

"ತಂಪುಕೋಣೇಲಿರೋ ಹಳೇ ಬೀಜ ಮೊಳೀತಾ ಇಲ್ಲ ಅಕ್ಕ. ಗುಡ್ಡದಲ್ಲಿದ್ದ ಗಿಡಗಳನ್ನ ಕಲ್ಲಿನ ಕ್ವಾರಿ ನುಂಗಿಬಿಡ್ತು. ಈ ಪಾತಿಗೂ ವಯಸ್ಸಾಯ್ತು, ಇನ್ನೊಂದು ವರ್ಷ ತಡಿಯಲ್ಲ. ಈ ಸಲ ಕಾಯಿ ಕಟ್ಟಲಿಲ್ಲ ಅಂದ್ರೆ ಈ ಗಿಡದ ಕಥೆ ಮುಗಿದ ಹಾಗೇ."

ಅವತ್ತು ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ತನ್ನ ಕೈಯಲ್ಲೇ ಮೊಳೆತು, ತನ್ನ ಕೈಯಲ್ಲೇ ಕೊನೆಯಾಗುವುದೆಂದರೆ ಎಂಥ ಮುಖ ಹೊತ್ತು ಬದುಕುವುದು?

ಇಷ್ಟು ಸಾಲದೆಂಬಂತೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಎಂದಿನಿಂದ ಎಂದು ಅವಳಿಗೂ ಗೊತ್ತಿಲ್ಲ. ಪ್ರಪಂಚವೇ ಸ್ವಲ್ಪ ಮಾಸಿದೆ ಎಂದುಕೊಂಡು ಕಾಲ ಹಾಕಿದ್ದಳು. ಜೇಡ ಹಿಡಿಯಲು ಮಾತ್ರ ಅವಳಿಗೆ ಕಣ್ಣು ಬೇಕಿರಲಿಲ್ಲ, ಮೂಗು ಸಾಕಿತ್ತು. ಯಾವ ಗಿಡದ ಹೂವಿನ ಪರಿಮಳ ಉಳಿದವಕ್ಕಿಂತ ಘಾಟಾಗಿ ಹೊಡೆಯುವುದೋ ಅಲ್ಲಿ ಜೇಡ ಇದ್ದೇ ಇರುತ್ತಿತ್ತು. "ಭಾರೀ ರಸಿಕರು. ವಾಸನೆ ಜೋರಾಗಿರೋ ಹೂವೇ ಆಗಬೇಕು ಇವಕ್ಕೆ," ಎಂದು ನಗುತ್ತಿದ್ದಳು. ಕಣ್ಣು ಮುಚ್ಚಿಕೊಂಡೂ ಜೇಡ ಹಿಡಿಯುತ್ತೇನೆಂದು ಅವಳಿಗೆ ಒಳಗೊಳಗೇ ಜಂಬ. ತೋಟದವರೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಆದರೆ ಮೂಗನ್ನು ನಂಬಿ ರಸ್ತೆ ದಾಟಲಾಗುವುದಿಲ್ಲ. ಒಂದು ದಿನ ಬಸ್ಸಿನ ಚಕ್ರ ಅವಳ ಚೀಲವನ್ನು ಸವರಿಕೊಂಡು ಹೋಯಿತು. ಗಂಡ ತಾನೇ ಬಸ್ಸಿನ ಡ್ರೈವರು, ಜೋರು ಮಾತೇ ಆಡದ ಮನುಷ್ಯ. ಅವತ್ತು ಮಾತ್ರ ಗುಡುಗಿದ: "ಗಿಡಕ್ಕೆ ಇನ್ನೊಬ್ಬರು ಸಿಗ್ತಾರೆ. ನನಗೆ ಸಿಗಲ್ಲ. ನಾಳೇನೇ ಆಸ್ಪತ್ರೆ." ಡಾಕ್ಟರು ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಷನ್ ಮಾಡಬೇಕು, ಬಗ್ಗಬಾರದು, ಧೂಳಿಗೆ ಹೋಗಬಾರದು, ತಾನು ಹೂಂ ಎನ್ನುವವರೆಗೆ ಮನೆಯಲ್ಲೇ ಇರಬೇಕು ಎಂದರು. ಹೂವು ತುಂಬಿ ಅರಳುವ ಕಾಲಕ್ಕೇ ಇದು ಬಂದು ವಕ್ಕರಿಸಿತು.

ಉಳಿದ ಪಾತಿಗಳವರಿಗೆ ಅವರವರ ಕೆಲಸವೇ ಹಾಸಿ ಹೊದೆಯುವಷ್ಟಿತ್ತು. ಕೊನೆಗೆ ನಾದಿನಿ ಮುಂದೆ ಬಂದಳು. ಗಂಡನ ತಂಗಿ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮೆಷಿನ್ ಇಟ್ಟುಕೊಂಡವಳು, ಮಾತಿನಲ್ಲಿ ಮನೆ ಕಟ್ಟುವವಳು. "ನಾನು ಹೋಗ್ತೀನಿ ಬಿಡಿ ಅತ್ತಿಗೆ. ಸೂಜಿಗೆ ದಾರ ಪೋಣಿಸೋ ಕೈ ಇದು, ಜೇಡ ಯಾವ ಲೆಕ್ಕ?" ಮೇಲ್ವಿಚಾರಕರೂ ಒಪ್ಪಿದರು. ಡಬ್ಬಿಯಕ್ಕ ಡಬ್ಬಿಯನ್ನೂ ಕುಂಚವನ್ನೂ ಹಸುಗೂಸು ಒಪ್ಪಿಸುವಂತೆ ಒಪ್ಪಿಸಿದಳು.

ಆಮೇಲಿನ ದಿನಗಳು ಅವಳಿಗೆ ಮುಳ್ಳಿನ ಮೇಲೆ ಕೂತಂತೆ. ಕಣ್ಣಿಗೆ ಹಸಿರು ಪರದೆ ಕಟ್ಟಿಕೊಂಡು ಬಾಗಿಲ ಕಡೆ ಕಿವಿಯಿಟ್ಟಿರುವಳು. ನಾದಿನಿ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ತನಿಖೆ ಶುರು.

"ಎಲ್ಲಾ ಎತ್ತಿದೆಯೇನೆ?"

"ಎತ್ತಿದೆ ಅತ್ತಿಗೆ."

"ಮೂಲೆ ಗಿಡದ್ದು?"

"ಅದೂ ಎತ್ತಿದೆ."

"ಎಲೆ ಕೆಳಗೆ ಬಚ್ಚಿಟ್ಟುಕೊಳ್ತಾವೆ, ನೋಡಿದೆ ತಾನೆ?"

"ನಿಮ್ಮಾಣೆಗೂ ನೋಡಿದೆ. ಈಗ ಔಷಧಿ ಹಾಕ್ತೀನಿ, ತಲೆ ಮೇಲೆತ್ತಿ." ಅವಳ ಮಾತು ಈಗೀಗ ಚಿಕ್ಕದಾಗಿತ್ತು. ದಣಿದಿದ್ದಾಳೆ ಪಾಪ ಎಂದು ಡಬ್ಬಿಯಕ್ಕನಿಗೆ ಕರುಳು ಚುರುಕ್ ಎನ್ನುತ್ತಿತ್ತು.

ಡಾಕ್ಟರು ಹೂಂ ಎಂದ ಮರುದಿನವೇ ಅವಳು ಹೊಸ ಕಣ್ಣು ಹೊತ್ತು ತೋಟಕ್ಕೆ ಹೊರಟಳು. ದಾರಿಯುದ್ದಕ್ಕೂ ಬೆರಗು. ಗೋಡೆಯ ಮೇಲೆ ಇಷ್ಟು ಬಿರುಕುಗಳಿದ್ದವೇ? ಕಾವಲುಗಾರ ಇಷ್ಟು ಮುದುಕನಾದದ್ದು ಯಾವಾಗ? ಜೊತೆಗಿದ್ದ ನಾದಿನಿ ಮಾತ್ರ ಯಾವುದೋ ನೆಪ ತೆಗೆದು ಮೂರು ಸಲ ಹಿಂದಕ್ಕೆ ತಿರುಗಲು ನೋಡಿದಳು. ಹಿಂಗೋಡೆಯ ಪಾತಿ ಬಂತು. ಹೊಸ ಕಣ್ಣು ಮೊದಲು ಹೋದದ್ದು ತುದಿಯ ಹೂವುಗಳಿಗೆ. ಅಲ್ಲಿ ಒಂದರಲ್ಲಿ ಜೇಡ. ಪಕ್ಕದ್ದರಲ್ಲಿ ಜೇಡ. ಅದರಾಚೆ ಇನ್ನೊಂದು, ಹೊಟ್ಟೆ ಉಬ್ಬಿಸಿಕೊಂಡು ಮದುಮಗನ ಹಾಗೆ ಕೂತಿತ್ತು. ಅವಳು ನಾದಿನಿಯತ್ತ ತಿರುಗಿದಳು.

"ಏನೇ ಇದು?"

ನಾದಿನಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಅತ್ತಿಗೆ, ನನಗೆ ಜೇಡ ಅಂದ್ರೆ ಪ್ರಾಣ ಹೋಗುತ್ತೆ. ಮೊದಲನೇ ದಿನ ಒಂದನ್ನ ಮುಟ್ಟೋಕೆ ಹೋದೆ, ಕಾಲೆತ್ತಿ ನನ್ನ ಕಡೆಗೇ ನೋಡ್ತು. ಡಬ್ಬಿ ಬಿಸಾಕಿ ಓಡಿದೆ. ಆಮೇಲೆ ಬರೀ ನೀರು ಹಾಕಿ ಬರ್ತಿದ್ದೆ. ದಿನಾ ಹೇಳಿಬಿಡೋಣ ಅಂತ ಬರ್ತಿದ್ದೆ. ನಿಮ್ಮ ಕಣ್ಣಿನ ಕಟ್ಟು ನೋಡಿ ಬಾಯಿ ಬರ್ತಿರಲಿಲ್ಲ." ಅಷ್ಟು ಹೇಳಿ ಗೊಳೋ ಎಂದು ಅತ್ತಳು.

ಮುಗಿಯಿತು, ಗಿಡದ ಕಥೆ ಮುಗಿಯಿತು ಎಂದು ಡಬ್ಬಿಯಕ್ಕ ತಲೆಯ ಮೇಲೆ ಕೈ ಹೊತ್ತು ನಾದಿನಿಯ ಪಕ್ಕದಲ್ಲೇ ಕೂತುಬಿಟ್ಟಳು. ಕೂತದ್ದೇ ಒಳ್ಳೆಯದಾಯಿತು. ಈ ಗಿಡದ ಹೂವು ಮೇಲಕ್ಕೆ ಅರಳುತ್ತಾ ಹೋದಂತೆ ಕಾಯಿ ಕಟ್ಟುವುದು ಕೆಳಗೆ. ನಿಂತವರಿಗೆ ಹೂವು, ಕೂತವರಿಗೆ ಕಾಯಿ. ಅವಳ ಮೂಗಿನ ನೇರಕ್ಕೆ ಒಂದು ಹಸಿರು ಕನ್ನಡಕ ತೂಗುತ್ತಿತ್ತು. ಅದರ ಕೆಳಗೆ ಇನ್ನೊಂದು. ತೊಟ್ಟು ತೊಟ್ಟಿಗೂ ಕನ್ನಡಕ, ಬೆರಳಲ್ಲಿ ಒತ್ತಿದರೆ ಒಳಗೆ ಗಟ್ಟಿ ಬೀಜ. ಅವಳು ಮಂಡಿಯೂರಿಕೊಂಡೇ ಪಕ್ಕದ ಗಿಡಕ್ಕೆ ಹೋದಳು, ಅದರ ಪಕ್ಕದ್ದಕ್ಕೆ ಹೋದಳು. ಎಲ್ಲದರಲ್ಲೂ ಕಾಯಿ. ಹೋದ ಜೀವ ಬಂದಂತಾಯಿತು. "ಅಯ್ಯೋ, ಕಟ್ಟಿದಾವಲ್ಲೇ! ಅಳ್ತಾ ಕೂತಿದೀಯಲ್ಲ, ಬಾ ಇಲ್ಲಿ, ನೋಡು!" ಎಂದು ನಾದಿನಿಯ ರಟ್ಟೆ ಹಿಡಿದು ಎಳೆದಳು.

ಸಂತೋಷ ಒಂದು ಹದಕ್ಕೆ ಬಂದ ಮೇಲೆ ಅನುಮಾನ ಎದ್ದಿತು. ಜೇಡ ಇಷ್ಟಿರುವಾಗ ಕಾಯಿ ಹೇಗೆ? ಅವಳು ಮದುಮಗನಂತಿದ್ದ ಆ ಜೇಡದ ಹತ್ತಿರ ಮುಖ ತಂದಳು. ಅದರ ಬಾಯಲ್ಲಿ ಜೇನುಹುಳವಿರಲಿಲ್ಲ. ಎಳೆ ಮೊಗ್ಗಿನದೇ ಹಸಿರು ಬಣ್ಣದ, ಸಣ್ಣ ದಾರದ ತುಂಡಿನಂಥ ಹುಳ ಇತ್ತು. ಪಕ್ಕದ ಹೂವಿನಲ್ಲಿ ಇನ್ನೂ ಸಿಕ್ಕಿಬೀಳದ ಅದರ ತಮ್ಮ, ಹೂವಿನ ನಡುವೆ ತಲೆ ಹುದುಗಿಸಿ, ಕಾಯಿಯಾಗಬೇಕಾದ ಭಾಗವನ್ನೇ ಕರಂಕರಂ ಮೇಯುತ್ತಿತ್ತು. ಇಂಥ ಹುಳ ಇಲ್ಲಿದೆ ಎಂದು ಪೊರೆಗಣ್ಣಿಗೆ ಯಾವತ್ತೂ ಕಂಡಿರಲಿಲ್ಲ.

ತಂಪುಕೋಣೆಯ ಬೀಜಗಳನ್ನು ನೋಡಿಕೊಳ್ಳುವ ಮೇಡಂಗೆ ಹೇಳಿಕಳಿಸಿದಳು. ಅವರು ಭೂತಗನ್ನಡಿ ಹಿಡಿದು ಬಂದು, ಗಿಡಗಳ ನಡುವೆ ಬಹಳ ಹೊತ್ತು ಕೂತು ನೋಡಿ, ಕಾಯಿಗಳನ್ನು ಕಂಡು ಅವಳ ಎರಡೂ ಕೈ ಹಿಡಿದುಕೊಂಡರು.

"ಇದು ಕೋಸಿನ ಹುಳ ಅಕ್ಕ. ಗೋಡೆ ಆಚೆ ತರಕಾರಿಯವರು ಕೋಸು ಹಾಕೋಕೆ ಶುರು ಮಾಡಿದ್ರಲ್ಲ, ಇದೂ ಅದೇ ಕುಲದ ಗಿಡ, ಅಲ್ಲಿಂದ ಚಿಟ್ಟೆ ಬಂದು ಇಲ್ಲೂ ಮೊಟ್ಟೆ ಇಡ್ತಾ ಇದೆ. ನಾವೆಲ್ಲ ಜೇನು ಕಡಿಮೆ ಅಂತ ಕೂತಿದ್ವಿ. ನಾನೂ ಇಲ್ಲಿ ಬಂದು ನೋಡಬೇಕಿತ್ತು."

"ಹಾಗಾದ್ರೆ ಜೇಡ ಜೇನು ತಿನ್ನಲ್ವಾ ಮೇಡಂ?"

"ತಿನ್ನುತ್ತೆ. ಹುಳ ಇಲ್ಲದ ವರ್ಷ ಅದರಿಂದ ಗಿಡಕ್ಕೆ ನಷ್ಟಾನೇ. ಹುಳ ಹೆಚ್ಚಿದ್ರೆ ಲಾಭ. ಇನ್ನೊಂದು ವಿಷಯ ಇದೆ. ಹುಳ ಕಚ್ಚಿದ ಗಿಡದ ಹೂವು ವಾಸನೆ ಜೋರು ಮಾಡುತ್ತೆ. ಆ ವಾಸನೆ ಹಿಡಿದೇ ಜೇಡ ಬರುತ್ತೆ."

ಡಬ್ಬಿಯಕ್ಕ ಹುಳ ಕೂತ ಆ ಹೂವಿಗೆ ಮೂಗು ತಂದಳು, ಅದೇ ಘಾಟು. ಗಿಡ ನೋವಿಗೆ ಕೂಗಿ ಕರೆಯುತ್ತಿತ್ತು. ಕರೆ ಕೇಳಿ ಜೇಡ ಬರುತ್ತಿತ್ತು. ಅದೇ ಕರೆ ಹಿಡಿದು ತಾನೂ ಹೋಗಿ, ಬಂದವನ ಕತ್ತು ಹಿಡಿದು ಹೊರಹಾಕಿ, ತನ್ನ ಮೂಗಿಗೆ ತಾನೇ ಶಹಬ್ಬಾಸ್ ಎಂದುಕೊಳ್ಳುತ್ತಿದ್ದಳು. ಅದೂ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಅವಳಿಗೆ ಅಳು ಬಂತು, ಕಣ್ಣಿಗೆ ಒಳ್ಳೆಯದಲ್ಲ ಎಂದು ನಾದಿನಿ ಗದರಿಸಿದ್ದಕ್ಕೆ ನುಂಗಿಕೊಂಡಳು. ಮಾಲಿ ಹೇಳಿದ್ದು ಸುಳ್ಳಲ್ಲ ಎಂಬುದೊಂದು ಸಮಾಧಾನ. ಅವನ ಕಾಲದಲ್ಲಿ ಗೋಡೆಯಾಚೆ ಕೋಸಿರಲಿಲ್ಲ. "ಸರಿಯಾಗಿ ನೋಡಮ್ಮ" ಎಂದೂ ಅವನೇ ಹೇಳಿದ್ದ. ಅವಳು ಜೇಡ ಎತ್ತುವ ಮಾತನ್ನು ಇಟ್ಟುಕೊಂಡು ನೋಡುವ ಮಾತನ್ನು ಕಳೆದುಕೊಂಡಿದ್ದಳು.

ಕಾಯಿ ಬಲಿತು, ಒಣಗಿ, ಬೀಜ ತಂಪುಕೋಣೆಗೆ ಹೋಯಿತು. ಒಂದು ಹಿಡಿ ಬೀಜವನ್ನು ಮೇಡಂ ಅಲ್ಲೇ ತೇವದ ಬಟ್ಟೆಯ ಮೇಲೆ ಹರಡಿದ್ದರು, ಅವು ಪುಟ್ಟ ಬಿಳಿ ಬೇರು ಬಿಟ್ಟವು. ಮೇಲ್ವಿಚಾರಕರು ನೋಡಲು ಬಂದರು, ಕನ್ನಡಕ ಒರೆಸಲಿಲ್ಲ. ಅವತ್ತು ಡಬ್ಬಿಯಕ್ಕ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡಳು. ಗಂಡ ಕಣ್ಣರಳಿಸಿ ನೋಡಿದ, ಏನೂ ಕೇಳದೆ ಇನ್ನೊಂದಿಷ್ಟು ಬಡಿಸಿದ.

"ಅತ್ತಿಗೆ, ಆ ಡಬ್ಬಿ ಇನ್ನು ನನಗೆ ಕೊಟ್ಟುಬಿಡಿ. ಅಂಗಿ ಗುಂಡಿ ಹಾಕಿಟ್ಟುಕೊಳ್ತೀನಿ," ಎಂದಳು ನಾದಿನಿ.

"ಜೇಡದ ಡಬ್ಬಿ ಮುಟ್ಟುತ್ತೀಯೇನೆ?"

"ಕುದಿಯೋ ನೀರಲ್ಲಿ ತೊಳೆದು ಮುಟ್ಟುತ್ತೀನಿ."

"ತಗೋ. ನಿನ್ನ ಸುಳ್ಳಿಗೆ ಇಷ್ಟಾದರೂ ಕೊಡಬೇಕು."

ಆ ಬೀಜದ ಗಿಡಗಳು ಹೊಸ ಪಾತಿಯಲ್ಲಿ ಮೊದಲ ಸಲ ಹೂ ಬಿಟ್ಟಾಗ ಅವಳು ಎಂದಿನಂತೆ ಬೆಳಗ್ಗೆಯೇ ಹೋದಳು. ನಡುವೆ ಒಂದು ಕಡೆ ಪರಿಮಳ ಘಾಟಾಗಿ ಹೊಡೆಯಿತು. ಕೈ ತಾನಾಗಿ ಜೇಬಿಗೆ ಹೋಯಿತು, ಜೇಬು ಖಾಲಿ. ಅವಳು ಬಗ್ಗಿ ನೋಡಿದಳು. ಹುಳ ಕಚ್ಚಿದ ಎಸಳಿನ ಅಂಚಿನಲ್ಲಿ, ಮುಂಗಾಲು ಚಾಚಿಕೊಂಡು, ಹಳದಿ ಬಣ್ಣದವನು ಆಗಲೇ ಬಂದು ಕೂತಿದ್ದ. ಇಷ್ಟು ವರ್ಷ ಕತ್ತು ಹಿಡಿದು ದಬ್ಬಿಸಿಕೊಂಡರೂ ಇವನ ಕುಲದವರು ಬರುವುದನ್ನು ಬಿಟ್ಟಿರಲಿಲ್ಲ. ಸದ್ಯ, ಬಿಟ್ಟಿರಲಿಲ್ಲ.

"ಕೂತ್ಕೋ ಕೂತ್ಕೋ, ನಿಂದೇ ಮನೆ," ಎಂದು ಹೇಳಿ ಅವಳು ಪಕ್ಕದ ಗಿಡಕ್ಕೆ ಹೋದಳು.