ಪೈಪು ಸಿಸ್ಟರ್

ಅವಳಿಗೆ ಪೈಪು ಸಿಸ್ಟರ್ ಎಂದು ಹೆಸರು ಬಿದ್ದದ್ದು ಆಸ್ಪತ್ರೆಯ ಸೋಂಕು ತಡೆಯುವ ಯೋಜನೆಯೊಂದರ ತರಬೇತಿ ಮುಗಿಸಿ ವಾರ್ಡಿಗೆ ಮರಳಿದ ವಾರದಲ್ಲೇ. ಮೂತ್ರದ ಪೈಪನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ಬಿಟ್ಟರೆ ಸೋಂಕು ಒಳಗೆ ಹತ್ತುತ್ತದೆ ಎಂಬುದು ಸಂಶೋಧನೆಗಳಲ್ಲಿ ಯಾವತ್ತೋ ಸಾಬೀತಾದ ಮಾತು. ಅದನ್ನು ವಾರ್ಡಿನಲ್ಲಿ ರೂಢಿಗೆ ತರುವ ಹೊಣೆಯನ್ನು ಯೋಜನೆಯವರು ಇವಳ ತಲೆಗೆ ಕಟ್ಟಿದ್ದರು. ದಿನಾ ಬೆಳಿಗ್ಗೆ ಪ್ರತಿ ಹಾಸಿಗೆಯ ಹತ್ತಿರ ನಿಂತು, "ಇವರಿಗೆ ಪೈಪು ಇನ್ನೂ ಬೇಕಾ?" ಎಂದು ಕೇಳಬೇಕು, ಬೇಡವಾದರೆ ತೆಗೆಸಬೇಕು. ಹೇಳುವವರಿಗೇನು, ಹೇಳಿಬಿಡುತ್ತಾರೆ.

ಪೈಪು ತೆಗೆದರೆ ರೋಗಿಯನ್ನು ಶೌಚಾಲಯಕ್ಕೆ ನಡೆಸಬೇಕು, ಏಳಲಾಗದವರಿಗೆ ಬೆಡ್‌ಪ್ಯಾನ್ ಇಡಬೇಕು, ಒದ್ದೆ ಚಾದರ ಬದಲಿಸಬೇಕು. ವಾರ್ಡು ತುಂಬಿ ನೆಲದ ಮೇಲೂ ಹಾಸಿಗೆ. ಆಯಾ ಒಬ್ಬಳೇ, ಅವಳ ಮಂಡಿಯೂ ಕೈಕೊಟ್ಟಿತ್ತು. ಹೀಗಾಗಿ ಇವಳು ಬಂದರೆ ಸಾಕು, "ಬಂದ್ಲಪ್ಪ, ಇವತ್ತು ನಮ್ಮ ಸೊಂಟದ ಕಥೆ ಮುಗೀತು" ಎಂದು ಜೊತೆಯವರು ಮುಖ ಗಂಟಿಕ್ಕುತ್ತಿದ್ದರು. ಆದರೂ ಬಿಡದೆ ಕಾಡಿ, ತಾನೇ ಬೆಡ್‌ಪ್ಯಾನ್ ಹೊತ್ತು, ಅಷ್ಟಿಷ್ಟು ಪೈಪು ತೆಗೆಸಿದಳು. ಬೆಂಬಲ ಎಂದರೆ ಯೋಜನೆಯ ಮೇಡಂ ಆಗಾಗ ಮಾಡುತ್ತಿದ್ದ ಫೋನು. ಇನ್ನೊಬ್ಬ ಆಯಾ ಬೇಕು ಎಂದು ಇವಳು ಅಂಗಲಾಚಿದರೆ, "ನೀವು ಅವರ ಮನಸ್ಸು ಗೆಲ್ಲಬೇಕು ಸಿಸ್ಟರ್" ಎನ್ನುತ್ತಿದ್ದರು. ಮನಸ್ಸು ಗೆಲ್ಲುವವರಿಗೆ ಬೇರೆ ಸಂಬಳ ಕೊಡಬೇಕಿಲ್ಲವಲ್ಲ.

ಆಗಲೇ ಅವಳ ಅಪ್ಪ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಅದೇ ವಾರ್ಡಿಗೆ ಬಂದ. ಆಪರೇಷನ್ ಚೆನ್ನಾಗಿಯೇ ಆಯಿತು. ಅದಕ್ಕೆಂದು ಹಾಕಿದ್ದ ಪೈಪನ್ನು ಮಾರನೆಯ ಬೆಳಿಗ್ಗೆಯೇ ತೆಗೆಯಬಹುದಿತ್ತು. ಎಲ್ಲರ ಹಾಸಿಗೆಯ ಹತ್ತಿರ ಕೇಳುತ್ತಿದ್ದ ಪ್ರಶ್ನೆಯನ್ನು ಅಪ್ಪನ ಹತ್ತಿರ ಮಾತ್ರ ಕೇಳದೆ ಮುಂದಿನ ಹಾಸಿಗೆಗೆ ನಡೆದಳು. ಇಷ್ಟು ಕಾಟ ಕೊಟ್ಟವಳು ಈಗ ನಮ್ಮಪ್ಪನನ್ನೂ ಎತ್ತಿ ಕೂರಿಸಿ ಎಂದರೆ, ತಾನು ಮನೆಗೆ ಹೋದ ಮೇಲೆ ಆ ಮುದುಕನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ. ಅವರ ಹಂಗೇ ಬೇಡ, ನಾಳೆ ನೋಡೋಣ ಎಂದುಕೊಂಡಳು. ಮರುದಿನವೂ ಅದನ್ನೇ ಅಂದುಕೊಂಡಳು.

"ಇದನ್ನ ಯಾವಾಗಮ್ಮ ತೆಗೆಯೋದು? ಉರೀತಿದೆ" ಎಂದ ಅಪ್ಪ.

"ಇನ್ನೊಂದು ದಿನ ತಡ್ಕೋ ಅಪ್ಪ. ಇದ್ರೆ ನಿನಗೇ ಸುಲಭ."

ಬೇರೆಯವರ ಬಾಯಲ್ಲಿ ಇದೇ ಮಾತು ಬಂದಾಗ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು.

ಚಳಿ ಹತ್ತಿ ಜ್ವರ ಬಂತು. ಸೋಂಕು ರಕ್ತಕ್ಕೆ ಏರಿತ್ತು. ಔಷಧಿ ಬದಲಿಸಿ ಬದಲಿಸಿ ಕೊಟ್ಟರೂ ಅಪ್ಪ ಉಳಿಯಲಿಲ್ಲ.

ಅವಳು ಕೆಲಸಕ್ಕೆ ಮರಳಿದ ದಿನ ಯೋಜನೆಯ ಮೇಡಂ ಫೋನಿನಲ್ಲಿ ಸಂತಾಪ ಹೇಳಿ, ಅದೇ ಉಸಿರಿನಲ್ಲಿ ಈ ತಿಂಗಳು ಎಷ್ಟು ಪೈಪು ತೆಗೆಸಿದಿರಿ ಎಂದು ಕೇಳಿದರು. ಇವಳಿಗೆ ಮೈಯೆಲ್ಲ ಉರಿದುಹೋಯಿತು, ಫೋನು ಇಟ್ಟುಬಿಟ್ಟಳು.

ಊಟದ ಕೋಣೆಯಲ್ಲಿ ಹಿರಿಯ ಸಿಸ್ಟರ್ ಪಕ್ಕಕ್ಕೆ ಬಂದು ಕೂತರು. "ತಪ್ಪು ತಿಳ್ಕೋಬೇಡ. ಅಪ್ಪನಿಗೆ ಪೈಪು ಯಾಕೆ ತೆಗೆಸದೆ ಹಾಗೇ ಬಿಟ್ಟಿದ್ದೆ?"

"ನಿಮಗೆಲ್ಲ ಕಷ್ಟ ಆಗುತ್ತೆ ಅಂತ."

ಹಿರಿಯ ಸಿಸ್ಟರ್ ಬಿಳಿಚಿಕೊಂಡರು.

"ಎರಡನೇ ದಿನ ನಾನೇ ತೆಗೆಯೋಕೆ ಹೋಗಿದ್ದೆ ಕಣೇ. ನೀನು ಅಲ್ಲೇ ನಿಂತಿದ್ದೆ, ಏನೂ ಅನ್ನಲಿಲ್ಲ. ಇವಳೇ ಸುಮ್ಮನಿದ್ದಾಳೆ ಅಂದ್ರೆ ಪೈಪು ಬೇಕೇ ಬೇಕೇನೋ ಅಂದ್ಕೊಂಡು ಬಿಟ್ಟು ಬಂದೆ."